ಅಪ್ಪನನ್ನು ಮಣೆ ಮೇಲೆ ಕೂರಿಸಬೇಡ ಅಮ್ಮ

ಲೈಪ್‌ಜಿಗ್, ಜರ್ಮನಿ
ಅಕ್ಟೋಬರ್ 12

ಪ್ರೀತಿಯ ಅಮ್ಮ,

ನಾನಿಲ್ಲಿ ಚೆನ್ನಾಗಿದ್ದೇನೆ. ಚಳಿ ಶುರುವಾಗಿದೆ. ನೀನು ಕೊಟ್ಟ ಶಾಲು ಹೊದ್ದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನೈಟ್ ಡ್ಯೂಟಿ ಮುಗಿಸಿ ಬಂದು ಎರಡು ಗಂಟೆ ಮಲಗಿದೆ. ಆಮೇಲೆ ನಿದ್ದೆ ಹತ್ತಲಿಲ್ಲ. ನಿನ್ನ ಮಾತೇ ತಲೆಯಲ್ಲಿ ಸುತ್ತುತ್ತಿತ್ತು.

ಹೋದ ವಾರ ಫೋನಲ್ಲಿ ನೀನು ಹೇಳಿದೆ: "ನಿಮ್ಮಪ್ಪ ಕೇಳುವುದು ನಿನ್ನ ಮಾತೊಂದೇ. ಅಣ್ಣನ ಗೃಹಪ್ರವೇಶದ ದಿನ ಒಂದು ಗಂಟೆ ನನ್ನ ಪಕ್ಕ ಮಣೆ ಮೇಲೆ ಕೂತು ಸಂಕಲ್ಪ ಮಾಡಲಿ. ಅಷ್ಟು ಹೇಳು." ನಾನು ಹೂಂ ಅಂದೆ. ಅಮ್ಮ, ನಾನು ಅದನ್ನು ಅಪ್ಪನಿಗೆ ಹೇಳುವುದಿಲ್ಲ. ಯಾಕೆ ಅಂತ ಫೋನಲ್ಲಿ ಹೇಳಹೊರಟರೆ ನೀನು ಅಳುತ್ತೀಯ, ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಅದಕ್ಕೇ ಈ ಕಾಗದ.

ನಾನು ದೇವರನ್ನು ಬಿಟ್ಟಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗೊರವನಹಳ್ಳಿ ಲಕ್ಷ್ಮಿಯ ಫೋಟೋ ಅಡುಗೆ ಮನೆಯ ಕಪಾಟಿನ ಮೇಲಿದೆ. ಶುಕ್ರವಾರ ದೀಪ ಹಚ್ಚುತ್ತೇನೆ. ಹೊಗೆಗೆ ಅಲಾರಂ ಕೂಗುತ್ತದೆ ಅಂತ ಕಿಟಕಿ ತೆಗೆದಿಟ್ಟು ಊದುಬತ್ತಿ ಹಚ್ಚುತ್ತೇನೆ. ಮಗಳು ಅಲ್ಲಿಗೆ ಹೋಗಿ, ದೇವರಿಲ್ಲ ಅನ್ನುವ ಅಪ್ಪನ ಪಾರ್ಟಿ ಸೇರಿದಳು ಅಂತ ಅಂದುಕೊಳ್ಳಬೇಡ. ಆದರೆ ನಮ್ಮ ಮನೆಯಲ್ಲಿ ಅಪ್ಪ ಹೇಗೆ ಒಬ್ಬಂಟಿಯೋ, ಇಲ್ಲಿ ನಾನು ಹಾಗೆ ಒಬ್ಬಂಟಿ.

ಈ ಊರಲ್ಲಿ ಜಾಸ್ತಿ ಜನ ಯಾವ ಧರ್ಮಕ್ಕೂ ಸೇರಿದವರಲ್ಲ. ಇದು ಮೊದಲು ಪೂರ್ವ ಜರ್ಮನಿ. 1949ರಿಂದ 1990ರ ತನಕ ಕಮ್ಯುನಿಸ್ಟರ ಆಳ್ವಿಕೆ ಇತ್ತು. ನಾನು ಬಂದ ಹೊಸದರಲ್ಲಿ ವಿಳಾಸ ನೋಂದಾಯಿಸಲು ಹೋದಾಗ ಫಾರಂನಲ್ಲಿ ಧರ್ಮ ಯಾವುದು ಅಂತ ಕೇಳಿದ್ದರು. ಚರ್ಚಿನ ಸದಸ್ಯರು ಇಲ್ಲಿ ಚರ್ಚ್ ತೆರಿಗೆ ಕಟ್ಟಬೇಕು. ಈ ರಾಜ್ಯದಲ್ಲಿ ಅದು ಆದಾಯ ತೆರಿಗೆಯ 9 ಪರ್ಸೆಂಟ್. ನಮಗೆ ಅದಿಲ್ಲ. ಬೇಡ ಅನ್ನುವವರು ಸರ್ಕಾರಿ ಕಚೇರಿಗೆ ಹೋಗಿ ಒಂದು ಸಹಿ ಹಾಕಿ ಚರ್ಚಿನಿಂದ ಹೊರಗೆ ಬರಬಹುದು. ನಮ್ಮಲ್ಲಿ ಹಾಗೆ ಸಹಿ ಹಾಕಿ ಬರುವ ಬಾಗಿಲಿಲ್ಲ. ಅಪ್ಪ ಮನೆಯೊಳಗೇ ಇದ್ದು ಹೊರಗಿನವರಾದರು.

ವಾರ್ಡಿನ ನನ್ನ ಲಾಕರಿನಲ್ಲಿ ಒಂದು ಪುಟ್ಟ ಗಣೇಶ ಇದೆ. ಒಂದು ದಿನ ಜೊತೆಯವಳೊಬ್ಬಳು ನೋಡಿದಳು. "ಇಷ್ಟು ಓದಿದ್ದೀಯ, ಇದನ್ನೆಲ್ಲ ನಿಜವಾಗಿಯೂ ನಂಬುತ್ತೀಯಾ?" ಅಂದಳು. ಕೆಟ್ಟ ಹುಡುಗಿ ಅಲ್ಲ, ನನಗೆ ಜ್ವರ ಬಂದಾಗ ಸೂಪ್ ಮಾಡಿ ತಂದುಕೊಟ್ಟವಳು. ಇನ್ನೊಬ್ಬರು ಊಟದ ಹೊತ್ತಲ್ಲಿ ಕೇಳಿದರು: "ಪ್ರಾರ್ಥನೆಯಿಂದ ವಾಸಿಯಾಗುವುದಾದರೆ ಇಂಜೆಕ್ಷನ್ ಯಾಕೆ ಕೊಡುತ್ತೀಯ?" ಎಲ್ಲರೂ ನಕ್ಕರು. ನನಗೆ ಗಂಟಲು ಕಟ್ಟಿತು. ನಾನು ಪ್ರತಿ ಡೋಸನ್ನೂ ಎರಡೆರಡು ಸಲ ನೋಡಿ ಕೊಡುವವಳು. ಮೂರು ವರ್ಷದಿಂದ ಅವರ ಜೊತೆಗೇ ಕೆಲಸ ಮಾಡುತ್ತಿದ್ದೇನೆ. ಅವತ್ತು ಅವರ ಕಣ್ಣಿಗೆ ಆ ಗಣೇಶ ಬಿಟ್ಟು ನನ್ನದು ಇನ್ನೇನೂ ಕಾಣಲಿಲ್ಲ.

ಆ ರಾತ್ರಿ ಬಸ್ಸಿನಲ್ಲಿ ಬರುವಾಗ ನನಗೆ ನೆನಪಾಗಿದ್ದು ಅಪ್ಪ. ಹಬ್ಬಕ್ಕೆ ಬಂದಾಗಲೆಲ್ಲ ಅತ್ತೆ ಕೇಳುತ್ತಿದ್ದರಲ್ಲ, "ದೇವರಿಲ್ಲ ಅಂದರೆ ನಿನ್ನನ್ನು ಹುಟ್ಟಿಸಿದ್ದು ಯಾರಪ್ಪಾ?" ಅಂತ. ಆಗಲೂ ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. "ದೇವರ ಭಯ ಇಲ್ಲದವನಿಗೆ ಯಾವುದು ತಾನೇ ಪಾಪ" ಅಂತ ಪಕ್ಕದ ಮನೆಯವರು ಅಂದಾಗ ನಾವು ಸುಮ್ಮನೆ ಕೇಳಿಸಿಕೊಂಡೆವು. ಅಣ್ಣನಿಗೆ ಟೈಫಾಯಿಡ್ ಬಂದಾಗ ಅಜ್ಜಿ ಏನಂದರು, ನಿನಗೆ ನೆನಪಿದೆಯಾ? "ಇವನ ನಾಲಿಗೆಯಿಂದಲೇ ಮಗುವಿಗೆ ಹೀಗಾಯಿತು." ಅಪ್ಪ ಏನೂ ಹೇಳಲಿಲ್ಲ. ಆಸ್ಪತ್ರೆಯ ನೆಲದ ಮೇಲೆ ಟವೆಲ್ ಹಾಸಿಕೊಂಡು ಹನ್ನೊಂದು ರಾತ್ರಿ ಮಲಗಿದರು. ನಮ್ಮಲ್ಲಿ ಒಬ್ಬರಾದರೂ ಅವರ ಪರವಾಗಿ ಒಂದು ಮಾತು ಆಡಿದೆವಾ? ನನಗೆ ಆಗ ಹದಿನಾಲ್ಕು. ಆಡಬಹುದಿತ್ತು. ಆಡಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಅಜ್ಜಿ ಇನ್ನೊಂದು ಮಾತು ಹೇಳುತ್ತಿದ್ದರು. "ಈಗ ಏನು ಬೇಕಾದರೂ ಅನ್ನಲಿ, ಸಾಯುವಾಗ ಗೊತ್ತಾಗುತ್ತೆ." ಅದನ್ನು ನಾನು ನಂಬಿದ್ದೆ ಅಮ್ಮ. ಅಪ್ಪನ ಕೊನೆಗಾಲ ನೆನೆಸಿಕೊಂಡು ಹೆದರಿಕೊಂಡು ಅತ್ತಿದ್ದೂ ಇದೆ.

ಹೋದ ಫೆಬ್ರವರಿಯಲ್ಲಿ ನನ್ನ ವಾರ್ಡಿನಲ್ಲಿ ಒಬ್ಬರು ತಾತ ಇದ್ದರು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿದವರು. ಹೆಚ್ಚು ದಿನ ಇಲ್ಲ ಅಂತ ಅವರಿಗೂ ಗೊತ್ತಿತ್ತು. ಪಾದ್ರಿಯನ್ನು ಕರೆಸೋಣವಾ ಅಂತ ಕೇಳಿದೆವು. "ಬೇಡ, ಮಗಳು ಬಂದರೆ ಸಾಕು" ಅಂದರು. ಮಗಳು ಬೇರೆ ಊರಿಂದ ರೈಲಿನಲ್ಲಿ ಬರುತ್ತಿದ್ದಳು. ರಾತ್ರಿ ಎರಡು ಗಂಟೆ ಇರಬೇಕು. ಕಿಟಕಿ ಸ್ವಲ್ಪ ತೆಗಿ ಅಂದರು. ತೆಗೆದು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ನನಗೆ ಇನ್ನೇನು ಮಾಡಬೇಕು ತೋಚದೆ ಮನಸ್ಸಿನಲ್ಲೇ ಓಂ ನಮಃ ಶಿವಾಯ ಅಂದುಕೊಳ್ಳುತ್ತಿದ್ದೆ. ತುಟಿ ಅಲ್ಲಾಡಿರಬೇಕು. ಅವರು ನೋಡಿದರು. "ಪ್ರಾರ್ಥನೆಯಾ?" ಅಂದರು. ನಾನು ಗಾಬರಿಯಿಂದ ಕ್ಷಮಿಸಿ ಅಂದೆ. "ಅದರಿಂದ ನಿನಗೆ ಧೈರ್ಯ ಬರುತ್ತದಾ? ಹಾಗಾದರೆ ಹೇಳು. ನನಗೆ ಈ ಕೈ ಸಾಕು" ಅಂದರು.

ಬೆಳಗಿನ ಜಾವ ಹೋದರು. ಮಗಳು ಅರ್ಧ ಗಂಟೆ ತಡವಾಗಿ ಬಂದಳು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ ಅಂತ ಅವಳಿಗೆ ಹೇಳಿದೆ. ಅದು ನಿಜ. ಜಪಮಾಲೆ ಹಿಡಿದು ಕೂಗಾಡಿದವರನ್ನೂ ನೋಡಿದ್ದೇನೆ, ಹಿಡಿದು ಶಾಂತವಾಗಿ ಹೋದವರನ್ನೂ ನೋಡಿದ್ದೇನೆ. ನೋವು ಜಾಸ್ತಿ ಇದ್ದವರು ಕೂಗುತ್ತಾರೆ. ನೋವು ಇಳಿದರೆ ಸುಮ್ಮನಾಗುತ್ತಾರೆ. ಅಜ್ಜಿಯ ಮಾತನ್ನು ನಾನು ಆ ರಾತ್ರಿಗೆ ಬಿಟ್ಟುಬಿಟ್ಟೆ. ಅಪ್ಪನ ಬಗ್ಗೆ ಆ ಭಯ ನೀನೂ ಇಟ್ಟುಕೊಂಡಿದ್ದರೆ ಬಿಡು ಅಮ್ಮ.

ಇನ್ನು, ದೇವರಿಲ್ಲ ಅನ್ನುವವರಿಗೆ ನೀತಿ ಇರುವುದಿಲ್ಲ ಅಂತ ನಮ್ಮ ಕಡೆ ಎಷ್ಟು ಸಲೀಸಾಗಿ ಹೇಳುತ್ತಾರೆ. ಅಪ್ಪ ಬೆಂಗಳೂರಿನಲ್ಲಿ ಓದುವಾಗ ಎಚ್. ನರಸಿಂಹಯ್ಯನವರ ಭಾಷಣ ಕೇಳಿ ಬದಲಾದವರು, ನಿನಗೆ ಗೊತ್ತು. ನರಸಿಂಹಯ್ಯನವರು ಗೌರಿಬಿದನೂರಿನ ಪಕ್ಕದ ಹೊಸೂರಿನ ಬಡ ಮನೆಯ ಹುಡುಗ. ಅಮೆರಿಕಕ್ಕೆ ಹೋಗಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ವಾಪಸ್ ಬಂದು ಪಾಠ ಹೇಳಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿ ಎಷ್ಟೋ ಜನರ ಸಿಟ್ಟು ಕಟ್ಟಿಕೊಂಡರು. ಮದುವೆ ಆಗಲಿಲ್ಲ. ಖಾದಿ ಉಟ್ಟು, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ರೂಮಿನಲ್ಲಿ ಬದುಕು ಕಳೆದರು. ಅವರನ್ನು ನೀತಿ ಇಲ್ಲದವರು ಅನ್ನಲು ಯಾರಿಗೆ ಬಾಯಿ ಬರುತ್ತದೆ?

ಅಪ್ಪನನ್ನೇ ನೋಡು. ಸಿದ್ಧಗಂಗೆಯ ಹಾಸ್ಟೆಲಿನಲ್ಲಿ ಬೆಳೆದ ಹುಡುಗ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು, 111 ವರ್ಷ. ಅಪ್ಪ ಯಾರಿಗೂ ಹೇಳದೆ ಕ್ಯಾತ್ಸಂದ್ರದವರೆಗೆ ನಡೆದು ಹೋಗಿ ಆ ಲಕ್ಷಾಂತರ ಜನರ ಸಾಲಿನಲ್ಲಿ ನಿಂತರು. ಅಲ್ಲಿ ಸಿಕ್ಕ ಒಬ್ಬರು, "ನೀವು ನಾಸ್ತಿಕರಲ್ವಾ, ಮಠಕ್ಕೆ ಯಾಕೆ ಬಂದಿರಿ?" ಅಂದರಂತೆ. "ನನಗೆ ಅನ್ನ ಹಾಕಿದವರು" ಅಂದು ಅಪ್ಪ ಅತ್ತರಂತೆ. ಆ ಮಠದಲ್ಲಿ ದಿನಾ ಸುಮಾರು 10 ಸಾವಿರ ಮಕ್ಕಳು ಊಟ ಮಾಡುತ್ತಾರೆ. ಯಾವ ಜಾತಿ, ಯಾವ ಧರ್ಮ ಅಂತ ಕೇಳುವುದಿಲ್ಲ. ಮನೆಗೆ ಬಂದಾಗ ಅಪ್ಪನ ಚಪ್ಪಲಿ ಹರಿದಿತ್ತು, ಅಷ್ಟು ನೂಕುನುಗ್ಗಲು. ನೀನೇ ಬಿಸಿನೀರು ಕಾಯಿಸಿ ಕಾಲಿಗೆ ಹಾಕಿದೆ.

ನಿನ್ನ ಭಯವೂ ನನಗೆ ಗೊತ್ತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಜೀವಮಾನವೆಲ್ಲ ವಚನಗಳನ್ನು ಓದಿದ ಮನುಷ್ಯ. ಅವತ್ತು ನೀನು ಟಿವಿ ಆರಿಸಿ, ಅಪ್ಪನ ಕೈ ಹಿಡಿದು, "ಹೊರಗಡೆ ಏನೂ ಮಾತಾಡಬೇಡಿ, ನಿಮ್ಮ ದಮ್ಮಯ್ಯ" ಅಂದೆ. ಆಮೇಲಿಂದ ಯಾರಾದರೂ ಕೇಳಿದರೆ, "ಅವರಿಗೆ ಮಂಡಿನೋವು, ಪೂಜೆಗೆ ಕೂರಲು ಆಗಲ್ಲ" ಅನ್ನಲು ಶುರು ಮಾಡಿದೆ. ಅವರನ್ನು ಕಾಪಾಡಲು ಹೇಳಿದ ಸುಳ್ಳು. ಆದರೆ ಅದನ್ನು ಕೇಳಿದಾಗಲೆಲ್ಲ ಅಪ್ಪ ಎದ್ದು ಹಿತ್ತಲಿಗೆ ಹೋಗುತ್ತಾರೆ, ಗಮನಿಸಿದ್ದೀಯಾ?

ಇಲ್ಲಿ ಕೆಳಗಿನ ಮನೆಯಲ್ಲಿ ಎಂಬತ್ತರ ಅಜ್ಜಿ ಒಬ್ಬರಿದ್ದಾರೆ. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಾರೆ. ಅವರ ಕಥೆ ಉಲ್ಟಾ. ಇಲ್ಲಿ ಹದಿನಾಲ್ಕು ವರ್ಷ ತುಂಬಿದ ಮಕ್ಕಳಿಗೆ ಯುಗೆಂಡ್‌ವೈಹೆ ಅಂತ ಒಂದು ಸಮಾರಂಭ ಮಾಡುತ್ತಾರೆ. ದೇವರ ಹೆಸರಿಲ್ಲ, ಮಂತ್ರವಿಲ್ಲ. ದೊಡ್ಡವರಾದಿರಿ ಅಂತ ಭಾಷಣ, ಹೂವು, ಹಾಡು, ಆಮೇಲೆ ಮನೆಮಂದಿಯ ಊಟ. ಸೂಪ್ ತಂದುಕೊಟ್ಟವಳ ಮಗಳಿಗೆ ಮಾಡಿದಾಗ ನಾನೂ ಹೋಗಿದ್ದೆ. ಹುಡುಗಿಯ ಅಜ್ಜಿ ಕರ್ಚೀಫಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು, ನಮ್ಮಲ್ಲಿ ಅಳುವ ಹಾಗೇ. ಚೆನ್ನಾಗಿತ್ತು. ಆದರೆ ಆ ಕಮ್ಯುನಿಸ್ಟ್ ಸರ್ಕಾರ ಇದ್ದ ಕಾಲದಲ್ಲಿ ಅದನ್ನು ಬೇಡ ಅಂದರೆ ಕಷ್ಟ ಇತ್ತು. ಕೆಳಗಿನ ಮನೆಯ ಅಜ್ಜಿ ಬೇಡ ಅಂದಿದ್ದರು, ಚರ್ಚಿನ ದೀಕ್ಷೆ ಸಾಕು ಅಂದಿದ್ದರು. ಡಾಕ್ಟರ್ ಆಗಬೇಕು ಅಂತಿದ್ದ ಹುಡುಗಿಗೆ ಮುಂದೆ ಓದಲು ಸೀಟೇ ಕೊಡಲಿಲ್ಲ. ಹೊಲಿಗೆ ಕೆಲಸ ಮಾಡಿದರು. ಯುದ್ಧದ ಬಾಂಬುಗಳಿಗೂ ಉಳಿದುಕೊಂಡಿದ್ದ ಇಲ್ಲಿನ ವಿಶ್ವವಿದ್ಯಾಲಯದ ಚರ್ಚನ್ನು 1968ರ ಮೇ 30ರಂದು ಸರ್ಕಾರವೇ ಸಿಡಿಸಿ ಕೆಡವಿತು. ಅಜ್ಜಿ ಆ ದೂಳನ್ನು ಕಣ್ಣಾರೆ ನೋಡಿದ್ದಾರೆ. ಹೇಳುವಾಗ ಅವರ ಕೈ ಈಗಲೂ ನಡುಗುತ್ತದೆ.

ಮೊನ್ನೆ 9ನೇ ತಾರೀಕು ಅವರ ಜೊತೆ ಊರ ಚೌಕಕ್ಕೆ ಹೋಗಿ ಮೇಣದಬತ್ತಿ ಹಚ್ಚಿ ಬಂದೆ. 1989ರಲ್ಲಿ ಅದೇ ದಿನ ಇಲ್ಲಿ 70 ಸಾವಿರ ಜನ ಆ ಸರ್ಕಾರದ ವಿರುದ್ಧ ಬೀದಿಗೆ ಬಂದಿದ್ದರು. ಅದಕ್ಕೆ ಮುಂಚೆ ಸೋಮವಾರ ಸೋಮವಾರ ನಿಕೊಲಾಯ್ ಚರ್ಚಿನಲ್ಲಿ ಶಾಂತಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು. ದೇವರನ್ನು ನಂಬದವರೂ ಬಂದು ಕೂರುತ್ತಿದ್ದರಂತೆ. "ನಿಮಗೆ ಬೇಜಾರಾಗಲಿಲ್ವಾ, ನಂಬದವರು ಬಂದು ಕೂತರೆ?" ಅಂತ ಕೇಳಿದೆ. "ಬೆಂಚಿನಲ್ಲಿ ಜಾಗ ಇತ್ತಲ್ಲ" ಅಂದರು.

ಹಾಗಾಗಿ ಮಣೆಯ ವಿಷಯಕ್ಕೆ ಬರುತ್ತೇನೆ. ಸಂಕಲ್ಪ ಅಂದರೆ ಏನಮ್ಮ? ಕೈಯಲ್ಲಿ ಅಕ್ಷತೆ, ನೀರು ಹಿಡಿದು, ನನ್ನ ಹೆಸರು ಇದು, ಈ ಪೂಜೆಯನ್ನು ನಾನು ಮಾಡುತ್ತೇನೆ ಅಂತ ದೇವರ ಎದುರು ಕೊಡುವ ಮಾತು. ನಂಬುವವಳಾಗಿಯೇ ಕೇಳುತ್ತಿದ್ದೇನೆ. ನಂಬದವರ ಬಾಯಲ್ಲಿ ಬಲವಂತಕ್ಕೆ ಆ ಮಾತು ಆಡಿಸಿದರೆ ಸತ್ಯನಾರಾಯಣನಿಗೆ ಅದು ಬೇಕಾ? ಅಣ್ಣ ಅತ್ತಿಗೆ ಕೂರಲಿ. ಮನೆ ಅವರದು, ಇಬ್ಬರಿಗೂ ಆಸೆ ಇದೆ. ಪುರೋಹಿತರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಹಾಲು ನೀನು ಉಕ್ಕಿಸು. ಬಂದವರು ಕೇಳಿದರೆ ಮಂಡಿನೋವು ಅನ್ನಬೇಡ. "ಅವರು ಪೂಜೆಗೆ ಕೂರಲ್ಲ, ಊಟದ ಉಸ್ತುವಾರಿ ಅವರದು" ಅನ್ನು. ಒಂದು ಸಲ ಹೇಳಿ ನೋಡು, ನನಗೋಸ್ಕರ.

ಇಲ್ಲಿಂದ ಮುಂದಕ್ಕೆ ಅಪ್ಪನಿಗೆ. ಅಮ್ಮ, ಕಾಗದ ಅವರ ಕೈಗೆ ಕೊಡು.

ಅಪ್ಪಾ, ಕಳೆದ ವರಮಹಾಲಕ್ಷ್ಮಿ ದಿನ ಕುಂಕುಮಕ್ಕೆ ಬಂದವರ ಎದುರು ನೀವು, "ಕೊಡಕ್ಕೆ ರೇಷ್ಮೆ ಸೀರೆ ಉಡಿಸಿದರೆ ದುಡ್ಡು ಬರುತ್ತಾ?" ಅಂದಿರಿ. ಅಮ್ಮ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಆ ಸೀರೆಯ ನೆರಿಗೆ ಹಿಡಿದಿದ್ದಳು. ಅಡುಗೆ ಮನೆಗೆ ಹೋಗಿ ಅತ್ತಳು. ವಿಡಿಯೋ ಕಾಲಿನಲ್ಲಿ ನಾನು ನೋಡಿದೆ, ನೀವು ನೋಡಲಿಲ್ಲ. ಯಾರೋ ಬಾಬಾ ದುಡ್ಡು ಕಿತ್ತರೆ, ಯಾರೋ ಕಾಯಿಲೆಯವರಿಗೆ ಬೂದಿ ಕೊಟ್ಟು ಆಸ್ಪತ್ರೆ ತಪ್ಪಿಸಿದರೆ ಜಗಳ ಆಡಿ, ನಾನೂ ನಿಮ್ಮ ಜೊತೆ ಇರುತ್ತೇನೆ. ಅಮ್ಮನ ಕೊಡ ಯಾರಿಗೂ ಮೋಸ ಮಾಡಿಲ್ಲ. ಅವಳ ಭಕ್ತಿ ಎಲ್ಲ ಭಯ ಅಂತ ನೀವು ಅನ್ನುತ್ತೀರಿ. ಒಂದು ಶುಕ್ರವಾರ ಅವಳ ಜೊತೆ ಗೊರವನಹಳ್ಳಿ ಬಸ್ ಹತ್ತಿ. ಗುಡಿಯೊಳಗೆ ಬರಬೇಡಿ, ಹೊರಗೆ ಮರದ ಕೆಳಗೆ ಕೂತಿರಿ. ಆ ಬಸ್ಸಿನಲ್ಲಿ ಅವಳು ನಗುವಷ್ಟು ನಮ್ಮ ಮನೆಯಲ್ಲಿ ನಗುವುದಿಲ್ಲ ಅಪ್ಪಾ. ಊಟದ ಮನೆಯಲ್ಲಿ ನನ್ನನ್ನು ನೋಡಿ ಎಲ್ಲರೂ ನಕ್ಕಾಗ ನನಗೆ ಆಗಿದ್ದು ಅವಳಿಗೂ ಆಗುತ್ತದೆ, ನಿಮಗೂ ಆಗಿದೆ.

ಗೃಹಪ್ರವೇಶದ ದಿನ ಪೂಜೆ ಮುಗಿಯುವ ತನಕ ಆ ಮಾತು ಎತ್ತಬೇಡಿ. ಅಮ್ಮ ಪ್ರಸಾದ ಕೊಟ್ಟರೆ ತಗೊಳ್ಳಿ. ಸಪಾದಭಕ್ಷ್ಯ ನಿಮಗೆ ಇಷ್ಟವೇ ತಾನೇ. ಕಾರ್ತಿಕ ಮಾಸ ಆದ್ದರಿಂದ ಸಂಜೆ ನೆಂಟರನ್ನೆಲ್ಲ ಗೂಳೂರು ಗಣೇಶನ ಹತ್ತಿರ ನೀವೇ ಕರೆದುಕೊಂಡು ಹೋಗಿ. ಕೆರೆಯ ಮಣ್ಣಿನಿಂದ ಅಷ್ಟು ದೊಡ್ಡ ಮೂರ್ತಿಯನ್ನು ಹೇಗೆ ಕಟ್ಟುತ್ತಾರೆ ಅಂತ ನಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದಿರಲ್ಲ, ಅತ್ತಿಗೆಯ ತಮ್ಮನ ಮಕ್ಕಳಿಗೂ ಹೇಳಿ.

ಆ ದಿನ ನನಗೆ ಮಧ್ಯಾಹ್ನದ ಶಿಫ್ಟ್ ಇದೆ. ಬೆಳಗ್ಗೆ ಬೇಗ ಎದ್ದಿರುತ್ತೇನೆ. ಹಾಲು ಉಕ್ಕುವಾಗ ಫೋನ್ ಹಿಡಿಯಿರಿ, ಅಪ್ಪ ಹಿಡಿಯಲಿ. ಅವರ ಕೈ ಅಲ್ಲಾಡುವುದಿಲ್ಲ.

ನಿಮ್ಮ
ಪುಟ್ಟಿ