ದಾರ ಹಿಡಿದ ಕೈಗಳನ್ನೂ ದಾಖಲಿಸಿ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾನ್ಯ ಸಚಿವರಿಗೆ,

ನಮಸ್ಕಾರಗಳು. ಹೊಳೆ ಸುತ್ತುವರಿದ ನೆಲಕ್ಕೆ ಕರಾವಳಿಯ ನಾವು ಕುದ್ರು ಎನ್ನುತ್ತೇವೆ. ಸೌಪರ್ಣಿಕೆ, ವಾರಾಹಿ ಮೊದಲಾದ ಐದು ನದಿಗಳು ಗಂಗೊಳ್ಳಿಯಲ್ಲಿ ಕಡಲು ಸೇರುವ ಸೀಮೆಯಲ್ಲಿ, ಕುಂದಾಪುರ ತಾಲ್ಲೂಕಿನ ಉಪ್ಪಿನಕುದ್ರು ಅಂಥದೊಂದು ಪುಟ್ಟ ಊರು. ಅಲ್ಲಿಯ ಸೂತ್ರದ ಗೊಂಬೆಯಾಟವನ್ನು ದಾಖಲಿಸಬೇಕೆಂದು ಆ ಊರಿನ ಪರವಾಗಿ ತಮ್ಮಲ್ಲಿ ಒಂದು ಬೇಡಿಕೆ ಇಡುತ್ತಿದ್ದೇನೆ.

ಯಕ್ಷಗಾನದ ಸೂತ್ರದ ಗೊಂಬೆಯಾಟ ಇಲ್ಲಿಯ ಕಾಮತ್ ಮನೆತನದಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಕೊಗ್ಗ ದೇವಣ್ಣ ಕಾಮತರಿಗೆ 1980ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. ಅವರ ಮಗ ಭಾಸ್ಕರ ಕೊಗ್ಗ ಕಾಮತರು ಆ ದಾರವನ್ನು ಕೈಬಿಡಲಿಲ್ಲ. ಯಕ್ಷಗಾನದ ಬಡಗಣ ಶೈಲಿಯಾದ ಬಡಗುತಿಟ್ಟಿನ ವೇಷ ತೊಟ್ಟ ಮರದ ಗೊಂಬೆಗಳು ಭಾಗವತರ ಪದಕ್ಕೆ, ಚೆಂಡೆ ಮದ್ದಳೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತವೆ. ಭುಜ, ಮೊಣಕೈ, ಸೊಂಟ, ಮೊಣಕಾಲು ಎಲ್ಲವೂ ಮಡಿಯುತ್ತವೆ. ಇಷ್ಟನ್ನೂ ಆಡಿಸುವುದು ಐದರಿಂದ ಏಳು ದಾರ ಮಾತ್ರ! ದಾರ ಒಂದಿಷ್ಟು ಹೆಚ್ಚು ಎಳೆದರೂ ವೀರನ ನಿಲುವು ಕುಸಿಯುತ್ತದೆ. ಎಷ್ಟು ಎಳೆಯಬೇಕು, ಚೆಂಡೆಯ ಯಾವ ಹೊಡೆತಕ್ಕೆ ಸಡಿಲಿಸಬೇಕು ಎಂಬುದು ಬೆರಳಿಗೆ ಗೊತ್ತು, ಬರೆದಿಟ್ಟದ್ದು ಕಡಿಮೆ.

ನನ್ನ ಆತಂಕ ಇರುವುದು ಇಲ್ಲಿಯೇ. ಚಿತ್ರೀಕರಣ ಎಂದರೆ ಕ್ಯಾಮೆರಾ ಪ್ರೇಕ್ಷಕರ ಸಾಲಿನಲ್ಲಿ ನಿಲ್ಲುತ್ತದೆ. ಗೊಂಬೆ ಕಾಣುತ್ತದೆ, ಕೈ ಕಾಣುವುದಿಲ್ಲ. ಉತ್ಸವಗಳಲ್ಲಿ ಸಿಗುವ ಅವಧಿಯಲ್ಲಿ ಇಡೀ ಪ್ರಸಂಗ, ಅಂದರೆ ಆಟದ ಪೂರ್ತಿ ಕಥೆ, ಆಡಿ ಮುಗಿಸಲೂ ಆಗುವುದಿಲ್ಲ. ಗಾಜಿನ ಕಪಾಟಿನಲ್ಲಿ ಗೊಂಬೆ ಎಷ್ಟು ವರ್ಷ ಬೇಕಾದರೂ ಉಳಿದೀತು, ಆದರೆ ಆಡಿಸುವುದನ್ನು ಅದು ಯಾರಿಗೂ ಕಲಿಸದು.

ಆದ್ದರಿಂದ ಪರದೆಯ ಹಿಂಬದಿಯಲ್ಲಿ ಕ್ಯಾಮೆರಾ ಇಡಿಸಿ. ಪೂರ್ಣ ಪ್ರಸಂಗಗಳನ್ನು ಮೊದಲ ಪದದಿಂದ ಮಂಗಳದವರೆಗೆ, ಸೂತ್ರಧಾರರ ಕೈಯನ್ನೇ ನೋಡುತ್ತ ದಾಖಲಿಸಿ. ಮರ ಆರಿಸುವುದು, ಕೆತ್ತುವುದು, ಬಣ್ಣ ಹಚ್ಚುವುದು, ಕೀಲು ಕೂಡಿಸುವುದು ಕೂಡ ಅದರಲ್ಲಿರಲಿ. ಕಲಿಯಲು ಬರುವ ಊರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಿ.

ಗೊಂಬೆಯೊಂದೇ ಈ ಊರಲ್ಲ ಎಂಬುದನ್ನೂ ಹೇಳಬೇಕು. ಕುದ್ರಿನ ಹೆಸರಿನಲ್ಲೇ ಉಪ್ಪಿದೆ. ಉಪ್ಪಿನ ನೆನಪು, ದೋಣಿಯ ದಾರಿಗಳು, ನೆರೆಯ ವರ್ಷಗಳು, ಹೊಳೆಯ ತಿರುವುಗಳಿಗೆ ಜನರಿಟ್ಟ ಹೆಸರುಗಳು ಹಿರಿಯರ ಬಾಯಲ್ಲಿವೆ. ಅವನ್ನು ಅವರ ಆಡುಮಾತಾದ ಕುಂದಗನ್ನಡದಲ್ಲೇ, ತಿದ್ದದೆ ಧ್ವನಿಮುದ್ರಿಸಿಕೊಳ್ಳಿ.

ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಹಾಡುವ, ಚೆಂಡೆ ಮದ್ದಳೆ ನುಡಿಸುವ ಹಿಮ್ಮೇಳದವರಿಗೆ ಬಿಡುವಿರುತ್ತದೆ. ಈ ಕೆಲಸಕ್ಕೆ ಅದೇ ತಕ್ಕ ಸಮಯ. ಮುಂದಿನ ಮಳೆಗಾಲಕ್ಕೆ ಮೊದಲು ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ಇಂತು,
ಕುಂದಾಪುರ ತಾಲ್ಲೂಕಿನ ಒಬ್ಬ ಯಕ್ಷಗಾನಾಭಿಮಾನಿ