ರಾಜೀನಾಮೆ ಕೊಡುವ ಮೊದಲು

ಶಿವಮೊಗ್ಗ

ಚಿ॥ ಪ್ರಸನ್ನನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ನಿನ್ನ ಅಮ್ಮ ಫೋನ್ ಮಾಡಿದ್ದಳು. ನೀನು ರಾಜೀನಾಮೆ ಪತ್ರ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೀಯಂತೆ. ಡಾಕ್ಟರು ಖಿನ್ನತೆ ಎಂದು ಹೇಳಿ ಮಾತ್ರೆ ಕೊಟ್ಟ ವಿಷಯವನ್ನೂ ಹೇಳಿದಳು. ಅವಳ ಮೇಲೆ ಸಿಟ್ಟು ಮಾಡಬೇಡ, ಅವಳಿಗೆ ಹೇಳಿಕೊಳ್ಳಲು ನನ್ನ ಬಿಟ್ಟು ಇನ್ಯಾರಿದ್ದಾರೆ? ಫೋನಿನಲ್ಲಿ ಮಾತಾಡಿದರೆ ನೀನು ಹೂಂ ಹೂಂ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಓದಬೇಕೆಂದೇನೂ ಇಲ್ಲ. ಸುಸ್ತಾದರೆ ಮಡಚಿಟ್ಟು ನಾಳೆ ಓದು.

ಆ ಪತ್ರ ಕೊಡಬೇಡ. ಯಾಕೆ ಎಂದು ಹೇಳುತ್ತೇನೆ.

ನಾನು ಕೆಲಸ ಮಾಡಿದ್ದು ಸಿಬ್ಬಂದಿ ಶಾಖೆಯಲ್ಲಿ ಅಂತ ನಿನಗೆ ಗೊತ್ತು. ರಜೆ, ಬಡ್ತಿ, ಪಿಂಚಣಿ ಎಲ್ಲದರ ಕಡತವೂ ನನ್ನ ಟೇಬಲ್ಲಿಗೇ ಬರುತ್ತಿತ್ತು. ನೌಕರರ ಸೇವಾ ಪುಸ್ತಕ ನೋಡಿ ನೋಡಿ ಅವರ ಮನೆ ಕಥೆಯೂ ಅರ್ಧ ಗೊತ್ತಾಗುತ್ತಿತ್ತು. ಅಲ್ಲಿ ಇಬ್ಬರಿದ್ದರು. ಒಬ್ಬರು ದೊಡ್ಡ ದರ್ಜೆಯ ಅಧಿಕಾರಿ, ಇನ್ನೊಬ್ಬ ರಾತ್ರಿ ಕಾವಲುಗಾರ. ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಈ ಕಾಯಿಲೆ ಬಂತು. ತೋರಿಸಿದ್ದೂ ಒಬ್ಬರೇ ಡಾಕ್ಟರಿಗೆ.

ಅಧಿಕಾರಿಯ ಹೆಂಡತಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಸ್ವಂತ ಮನೆ ಇತ್ತು. ಅವರು ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ಪರಿವರ್ತಿತ ರಜೆ ಹಾಕಿದರು, ಆಮೇಲೆ ಸ್ವಲ್ಪ ಗಳಿಕೆ ರಜೆ. ಸಂಬಳ ನಿಲ್ಲಲಿಲ್ಲ. ವಾಪಸ್ಸು ಬಂದಾಗ ಸಾರ್ವಜನಿಕರ ಗಲಾಟೆ ಇಲ್ಲದ ಶಾಖೆಗೆ ಹಾಕಿದರು. ಅರವತ್ತು ತುಂಬಿ, ಹಾರ ಹಾಕಿಸಿಕೊಂಡೇ ನಿವೃತ್ತರಾದರು.

ಕಾವಲುಗಾರ ರಿಪ್ಪನ್‌ಪೇಟೆ ಕಡೆಯ ಹಳ್ಳಿಯವನು. ಊರಲ್ಲಿ ಕೈಸಾಲ, ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಮಾತ್ರೆಗೆ ದುಡ್ಡಿಲ್ಲದ ತಿಂಗಳು ಮಾತ್ರೆ ಬಿಡುತ್ತಿದ್ದ. ಕಾಯಿಲೆ ಎಂದು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ರಜೆ ಅರ್ಜಿಯನ್ನೂ ಕೊಡಲಿಲ್ಲ. ಕೆಲಸಕ್ಕೆ ಬರುವುದು ನಿಲ್ಲಿಸಿದ. ಊರಿನ ವಿಳಾಸಕ್ಕೆ ನೋಟಿಸ್ ಹೋಯಿತು. ಕೊನೆಗೆ ಅಂಚೆಯಲ್ಲಿ ಅವನ ರಾಜೀನಾಮೆ ಬಂತು, ಬೇರೆ ಯಾರೋ ಬರೆದುಕೊಟ್ಟದ್ದು, ಕೆಳಗೆ ಅವನ ಸಹಿ. ಅವನ ಸೇವಾ ಪುಸ್ತಕದ ಕೊನೆಯ ಪುಟ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಕೆಂಪು ಶಾಯಿಯಲ್ಲಿ ‘ಅನಧಿಕೃತ ಗೈರುಹಾಜರಿ’, ಮತ್ತೆ ‘ಅನಧಿಕೃತ ಗೈರುಹಾಜರಿ’, ಅದರ ಕೆಳಗೆ ರಾಜೀನಾಮೆ ಅಂಗೀಕಾರದ ಆದೇಶದ ಸಂಖ್ಯೆ. ಕಾಯಿಲೆ ಎಂಬ ಮಾತು ಇಡೀ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಈ ಪುಟವನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ, ಪ್ರಸನ್ನ. ಇಬ್ಬರಿಗೂ ಕಾಯಿಲೆ ಒಂದೇ, ಮದ್ದೂ ಒಂದೇ. ಒಬ್ಬರಿಗೆ ಕೆಲಸ ಉಳಿಯಿತು, ಇನ್ನೊಬ್ಬನಿಗೆ ಹೋಯಿತು. ಅವನ ಕೆಲಸ ಕಳೆದದ್ದು ಸಾಲ, ಒಂಟಿತನ, ನಿಯಮ ಗೊತ್ತಿಲ್ಲದೆ ಹೋದದ್ದು ಮತ್ತು ನಾಚಿಕೆ. ಕಾಯಿಲೆ ಬರೀ ನೆಪ ಆಯಿತು.

ಇದು ನಮ್ಮೂರಿನ ಕಥೆ ಮಾತ್ರ ಅಂದುಕೊಳ್ಳಬೇಡ. ಫಿನ್ಲೆಂಡ್, ಸ್ವೀಡನ್, ನಾರ್ವೆಯಂಥ ಕಡೆ ಪ್ರತಿಯೊಬ್ಬರ ಕೆಲಸ, ಸಂಬಳ, ಆಸ್ಪತ್ರೆ, ಪಿಂಚಣಿ ಎಲ್ಲದರ ಲೆಕ್ಕವನ್ನೂ ಸರ್ಕಾರ ಇಟ್ಟಿರುತ್ತದೆ. ಮಾನಸಿಕ ಕಾಯಿಲೆಯಿಂದ ಕೆಲಸ ಮಾಡಲಾಗದೆ ವಯಸ್ಸಿಗೆ ಮೊದಲೇ ಪಿಂಚಣಿಗೆ ಹೋಗುವವರು ಯಾರು ಎಂದು ಅಲ್ಲಿ ಬಹಳ ವರ್ಷದಿಂದ ನೋಡುತ್ತಾ ಬಂದಿದ್ದಾರೆ. ಕಮ್ಮಿ ಓದಿದವರು, ಕೆಳಗಿನ ದರ್ಜೆಯ ಕೆಲಸದವರು, ಕಮ್ಮಿ ಸಂಬಳದವರು, ನಡುವೆ ಕೆಲಸ ಕಳೆದುಕೊಂಡು ಕೂತವರು, ಒಂಟಿಯಾಗಿ ಬದುಕುವವರು, ಇವರೇ ಅದರಲ್ಲಿ ಜಾಸ್ತಿ. ಅಷ್ಟು ಒಳ್ಳೆಯ ಆಸ್ಪತ್ರೆ, ಅಷ್ಟು ಧಾರಾಳ ಪಿಂಚಣಿ ಇರುವ ದೇಶಗಳಲ್ಲೇ ಹೀಗೆ. ಇಂಗ್ಲೆಂಡಿನಲ್ಲಿ 1985ರಿಂದ ಸರ್ಕಾರಿ ನೌಕರರನ್ನೇ ಹಿಡಿದು ಒಂದು ದೊಡ್ಡ ಅಧ್ಯಯನ ನಡೆದಿದೆ, ವೈಟ್‌ಹಾಲ್ ಎಂದು ಅದಕ್ಕೆ ಹೆಸರು. ಎಲ್ಲರೂ ಕಚೇರಿ ಕೆಲಸದವರೇ, ಯಾರೂ ಕಡುಬಡವರಲ್ಲ. ಆದರೂ ಕೆಲಸದ ಹೊರೆ ಜಾಸ್ತಿ ಇದ್ದು ಅದರ ಮೇಲೆ ತಮ್ಮ ಹಿಡಿತ ಕಮ್ಮಿ ಇದ್ದವರಿಗೆ ಮನಸ್ಸಿನ ತೊಂದರೆ ಹೆಚ್ಚು ಕಂಡಿತು. ನಮ್ಮ ದೇಶದಲ್ಲಿ 2015–16ರಲ್ಲಿ ನಿಮ್ಹಾನ್ಸ್‌ನವರು ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದರಲ್ಲ, ಅದರಲ್ಲೂ ಬಡ ಮನೆಗಳಲ್ಲೇ ತೊಂದರೆ ಜಾಸ್ತಿ ಸಿಕ್ಕಿತು. ವಯಸ್ಕರಲ್ಲಿ ನೂರಕ್ಕೆ 10.6 ಜನರಿಗೆ ಏನಾದರೊಂದು ಮಾನಸಿಕ ತೊಂದರೆ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಇಲ್ಲ.

ನಮ್ಮ ಮಂಗನಕಾಯಿಲೆಯನ್ನೇ ನೋಡು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಯಿತು. ಅದನ್ನು ಹರಡುವ ಉಣ್ಣೆ ಹುಳ ಯಾರನ್ನು ಬೇಕಾದರೂ ಕಚ್ಚುತ್ತದೆ. ಆದರೆ ಕಾಯಿಲೆ ಬೀಳುವವರು ಸೌದೆಗೆ, ತರಗೆಲೆಗೆ, ದನ ಮೇಯಿಸಲು ಕಾಡಿಗೆ ಹೋಗಲೇಬೇಕಾದವರು. ಅರಳಗೋಡಿನಲ್ಲಿ 2019ರಲ್ಲಿ ಈ ಕಾಯಿಲೆಗೆ ಜನ ಸತ್ತದ್ದು ನಿನಗೂ ನೆನಪಿರಬೇಕು. ಅವರನ್ನು ಹೇಡಿ ಎಂದು ಯಾರಾದರೂ ಕರೆದರಾ? ಇಲ್ಲ. ಹಾಗಿದ್ದಾಗ ನಿನ್ನನ್ನು ನೀನೇ ಯಾಕೆ ‘ಕೈಲಾಗದವನು’ ಅನ್ನುತ್ತೀಯ? ನಿನ್ನ ಅಮ್ಮನ ಹತ್ತಿರ ಹಾಗೆ ಹೇಳಿದೆಯಂತೆ. ಆ ಮಾತು ಕೇಳಿ ನನಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ನಿನ್ನ ಪಾಡನ್ನೇ ಒಂದು ಸಲ ಹೊರಗಿನವನ ಹಾಗೆ ನಿಂತು ನೋಡು. ಅಪ್ಪನ ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಫಸಲು ಹೋಯಿತು. ಸೊಸೈಟಿ ಸಾಲ ಹಾಗೇ ಇದೆ, ಮಂಡಿಯಲ್ಲಿ ತಂದ ಮುಂಗಡವೂ ತೀರಿಲ್ಲ. ಮನೆ ಸಾಲದ ಕಂತು ನಿನ್ನ ಸಂಬಳದಿಂದಲೇ ಹೋಗುತ್ತದೆ. ಸುಮಾ ಮತ್ತು ಮಗು ಇಲ್ಲಿ ಶಿವಮೊಗ್ಗದಲ್ಲಿ, ನೀನು ಹೊಸನಗರದಲ್ಲಿ ಒಂದು ರೂಮಿನಲ್ಲಿ. ಮಳೆಗಾಲ ಬಂತೆಂದರೆ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಮಾತಿಗೆ ಜನ ಇಲ್ಲ. ಕಚೇರಿಯಲ್ಲಿ ಖಾಲಿ ಬಿದ್ದ ಎರಡು ಹುದ್ದೆಯ ಕೆಲಸವೂ ನಿನ್ನ ತಲೆ ಮೇಲೆ. ಸರ್ವರ್ ಕೈಕೊಟ್ಟರೆ ಬೈಗುಳ ತಿನ್ನುವವನು ನೀನು, ಅದನ್ನು ಸರಿ ಮಾಡುವ ಅಧಿಕಾರ ಮಾತ್ರ ನಿನಗಿಲ್ಲ. ಇಷ್ಟೆಲ್ಲ ಹೊತ್ತುಕೊಂಡ ಮೇಲೆ ಮನಸ್ಸು ಕುಸಿಯದೆ ಇನ್ನೇನು ಮಾಡುತ್ತದೆ, ಹೇಳು.

ಈಗ ರಾಜೀನಾಮೆ ಕೊಟ್ಟರೆ ಇದರಲ್ಲಿ ಯಾವುದು ಕಮ್ಮಿಯಾಗುತ್ತದೆ? ಬೈಗುಳ ಒಂದು ನಿಲ್ಲಬಹುದು. ಸಾಲ ನಿಲ್ಲುವುದಿಲ್ಲ, ಸಂಬಳ ನಿಲ್ಲುತ್ತದೆ. ನೀನು 2006ರ ಏಪ್ರಿಲ್ ಆದಮೇಲೆ ಸೇರಿದವನು, ನನಗೆ ಬರುವಂಥ ಪಿಂಚಣಿ ನಿನಗಿಲ್ಲ. ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆಯ ಖಾತೆಯಲ್ಲಿ ಕೂಡಿದ ದುಡ್ಡೇ ನಿನ್ನ ಆಸ್ತಿ, ನಡುವೆ ಬಿಟ್ಟುಹೋದರೆ ಅದರ ದೊಡ್ಡ ಪಾಲೂ ಕೈಗೆ ಸಿಗುವುದಿಲ್ಲ. ಇನ್ನೊಂದು ಮಾತು. ಕಾಯಿಲೆಯಲ್ಲಿ ಕೆಲಸದಿಂದ ದೂರ ಇದ್ದಷ್ಟೂ ವಾಪಸ್ಸು ಹೋಗುವುದು ಕಷ್ಟ. ಬಿಟ್ಟ ಮೇಲಂತೂ ಬಾಗಿಲೇ ಮುಚ್ಚಿತು. ಖಿನ್ನತೆ ಇರುವಾಗ ಎಲ್ಲ ದಾರಿಯೂ ಮುಚ್ಚಿದ ಹಾಗೇ ಕಾಣುತ್ತದೆ, ಅದು ಆ ಕಾಯಿಲೆಯ ಗುಣ. ಅಂಥ ಹೊತ್ತಿನಲ್ಲಿ ಇಂಥ ದೊಡ್ಡ ತೀರ್ಮಾನ ಮಾಡಬಾರದು.

ರಜೆ ಹಾಕು. ನಿನ್ನ ಅರ್ಧ ವೇತನ ರಜೆ ಎಷ್ಟು ಉಳಿದಿದೆ, ನೋಡು. ವೈದ್ಯಕೀಯ ಪ್ರಮಾಣಪತ್ರ ಇಟ್ಟರೆ ಅದನ್ನೇ ಪರಿವರ್ತಿಸಿ ಪೂರ್ತಿ ಸಂಬಳದ ರಜೆ ಮಾಡಿಕೊಳ್ಳಬಹುದು, ಲೆಕ್ಕದಲ್ಲಿ ದುಪ್ಪಟ್ಟು ಖರ್ಚಾಗುತ್ತದೆ ಅಷ್ಟೇ. ಗಳಿಕೆ ರಜೆ ಬೇರೆ ಇದೆ. ಒಂದು ದಿನವೂ ಅರ್ಜಿ ಇಲ್ಲದೆ ಮನೆಯಲ್ಲಿ ಕೂರಬೇಡ. ಅರ್ಜಿ ಬರೆಯಲು ಕೈ ಬಾರದಿದ್ದರೆ ಸುಮಾ ಬರೆಯಲಿ, ನೀನು ಸಹಿ ಹಾಕು. ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ತಗೋ.

ಕಾನೂನೂ ನಿನ್ನ ಪರವಾಗಿದೆ, ಗೊತ್ತಿರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇಪ್ಪತ್ತೊಂದು ಬಗೆಯ ಅಂಗವೈಕಲ್ಯ ಹೇಳಿದ್ದಾರೆ, ಮಾನಸಿಕ ಕಾಯಿಲೆಯೂ ಅದರಲ್ಲಿದೆ. ಅದರ 20ನೇ ಸೆಕ್ಷನ್ ಪ್ರಕಾರ ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಸರ್ಕಾರ ತೆಗೆಯುವ ಹಾಗಿಲ್ಲ, ಕೆಳಗಿನ ದರ್ಜೆಗೆ ಇಳಿಸುವ ಹಾಗೂ ಇಲ್ಲ. ಇದ್ದ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆಗೆ ಹಾಕಬೇಕು. ಅದೂ ಇಲ್ಲದಿದ್ದರೆ ಹೊಂದುವ ಹುದ್ದೆ ಸಿಗುವವರೆಗೆ, ಇಲ್ಲವೇ ನಿವೃತ್ತಿಯವರೆಗೆ, ಹೆಚ್ಚುವರಿ ಹುದ್ದೆ ಮಾಡಿ ಇಟ್ಟುಕೊಳ್ಳಬಹುದು. 2021ರಲ್ಲಿ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾನಸಿಕ ಕಾಯಿಲೆ ಇದ್ದವರ ಮೇಲೆ ಅದರಿಂದಾದ ನಡವಳಿಕೆಗಾಗಿ ಶಿಸ್ತು ಕ್ರಮ ಹೂಡುವುದೂ ತಾರತಮ್ಯವೇ ಎಂದಿತು. ನಿನಗೆ ಅಲ್ಲಿಯವರೆಗೆ ಹೋಗುವ ಪ್ರಮೇಯ ಬರುವುದಿಲ್ಲ ಎಂದೇ ನನ್ನ ನಂಬಿಕೆ. ಖಿನ್ನತೆ ವಾಸಿಯಾಗುವ ಕಾಯಿಲೆ. ಆದರೆ ಈ ರಕ್ಷಣೆಯೆಲ್ಲ ಕೆಲಸದಲ್ಲಿ ಇರುವವರಿಗೆ. ತಾನಾಗಿ ಬಿಟ್ಟವನ ಹಿಂದೆ ಯಾವ ಕಾಯ್ದೆಯೂ ಬರುವುದಿಲ್ಲ.

ಬರೆಯುತ್ತಾ ಇನ್ನೊಂದು ನೆನಪಾಯಿತು. ನಿಮ್ಮ ಮನೆಗೆ ಅಡಿಕೆ ಸುಲಿಯಲು ಬರುವ ಹೆಂಗಸರಲ್ಲಿ ಒಬ್ಬಳು ಮೆಟ್ಟುಗತ್ತಿ ಮುಂದೆ ಕೂತು ಸುಮ್ಮನೆ ಗೋಡೆ ನೋಡುತ್ತಿದ್ದಳು, ನೆನಪಿದೆಯಾ? ಸುಲಿದಷ್ಟಕ್ಕೆ ಕೂಲಿ. ಸಂಜೆಗೆ ಅವಳ ಡಬ್ಬ ಅರ್ಧವೂ ತುಂಬುತ್ತಿರಲಿಲ್ಲ. ಮಾರನೆಯ ವರ್ಷ ಅವಳನ್ನು ಯಾರೂ ಕರೆಯಲಿಲ್ಲ. ಅಂಥವರಿಗೆ ರಜೆ, ಮೆಡಿಕಲ್ ಬೋರ್ಡು, ಪಿಂಚಣಿ ಯಾವುದೂ ಇಲ್ಲ. ಇದು ದೊಡ್ಡ ಅನ್ಯಾಯ. ಅವಳ ಕಷ್ಟ ತೋರಿಸಿ ನಿನ್ನದು ಸಣ್ಣದು ಎನ್ನಲು ಇದನ್ನು ಬರೆಯಲಿಲ್ಲ. ಅವಳ ಕೈಗೆ ಎಟುಕದ್ದು ನಿನಗಿದೆ, ಅದನ್ನು ಒಂದು ಸಹಿಯಲ್ಲಿ ಬಿಟ್ಟುಕೊಡಬೇಡ ಎನ್ನಲು ಬರೆದೆ.

ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಏನೂ ಗೊತ್ತಾಗುವುದಿಲ್ಲ. ಎರಡು ವಾರ, ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಹುಷಾರಾದ ಮೇಲೂ ಡಾಕ್ಟರು ಹೇಳುವವರೆಗೆ ತಿಂಗಳುಗಟ್ಟಲೆ ತಗೋಬೇಕು. ನೀನೇ ನಿಲ್ಲಿಸಬೇಡ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ನಿಮ್ಹಾನ್ಸ್‌ನವರು ಸ್ಕಿಜೋಫ್ರೀನಿಯಾ ಇರುವವರ ಮನೆಮನೆಗೆ ಹೋಗಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನಿನ್ನದಕ್ಕಿಂತ ಎಷ್ಟೋ ಕಠಿಣ ಕಾಯಿಲೆ ಅದು. ಮಾತ್ರೆ ತಗೊಳ್ಳುತ್ತಿದ್ದವರು ತಗೊಳ್ಳದವರಿಗಿಂತ ದಿನದ ಬದುಕನ್ನು ಚೆನ್ನಾಗಿ ನಡೆಸುತ್ತಿದ್ದರು ಎಂದು ಅಲ್ಲಿ ಕಂಡಿತು. ಮಾತ್ರೆಯ ಖರ್ಚು ಭಾರ ಅನ್ನಿಸಿದರೆ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗೋಣ. ಮನೋಚೈತನ್ಯ ಕಾರ್ಯಕ್ರಮ ಅಂತ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮಲ್ಲಿ ವಿಚಾರಿಸು.

ಇದನ್ನು ನೇರವಾಗಿಯೇ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಸಾಯುವ ಯೋಚನೆ ಬರುತ್ತಾ? ಬಂದರೆ ಆ ಹೊತ್ತಿಗೇ ನನಗೆ ಫೋನ್ ಮಾಡು, ನಡುರಾತ್ರಿ ಆದರೂ ಸರಿ. ನನಗೆ ಹೇಳಲು ಸಂಕೋಚವಾದರೆ 14416ಕ್ಕೆ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ರೂಮಿನಲ್ಲಿ ಒಬ್ಬನೇ ಇರಬೇಡ. ರಜೆ ಹಾಕಿದ ದಿನವೇ ಶಿವಮೊಗ್ಗಕ್ಕೆ ಬಾ. ಸುಮಾ ಹತ್ತಿರ ನಾನು ಮಾತಾಡಿದ್ದೇನೆ. ಅವಳಿಗೆ ಸಿಟ್ಟೇನೂ ಇಲ್ಲ, ಹೇಳಲಿಲ್ಲವಲ್ಲ ಎಂಬ ನೋವಿದೆ.

ಸಾಲದ್ದು ನೀನೊಬ್ಬನೇ ಹೊರುವಂಥದ್ದಲ್ಲ. ಸೊಸೈಟಿಯ ಕಾರ್ಯದರ್ಶಿಯನ್ನು ನಿನ್ನ ದೊಡ್ಡಪ್ಪ ಹೋಗಿ ನೋಡುತ್ತಾರೆ, ಕಂತು ಮುಂದೂಡಲು ಆಗುತ್ತದೆಯೋ ಕೇಳುತ್ತಾರೆ. ಮಂಡಿಯವರ ಹತ್ತಿರ ನಿನ್ನ ಅಪ್ಪನೇ ಮಾತಾಡಲಿ. ಮನೆ ಸಾಲದ ಮೂರು ಕಂತು ನಾವು ಕಟ್ಟುತ್ತೇವೆ. ಬೇಡ ಎನ್ನಬೇಡ. ಹುಷಾರಾದ ಮೇಲೆ ವಾಪಸ್ಸು ಕೊಡುವೆಯಂತೆ, ಬಡ್ಡಿ ಲೆಕ್ಕ ಕೇಳುವುದಿಲ್ಲ.

ವಾಪಸ್ಸು ಕೆಲಸಕ್ಕೆ ಹೋಗುವಾಗ ಟೇಬಲ್ ಬದಲಿಸಿ ಎಂದು ಬರವಣಿಗೆಯಲ್ಲೇ ಕೇಳೋಣ. ಶಿವಮೊಗ್ಗಕ್ಕೆ ವರ್ಗಾವಣೆಗೂ ಅರ್ಜಿ ಹಾಕೋಣ. ಕರಡು ನಾನು ಮಾಡುತ್ತೇನೆ, ಆ ಭಾಷೆ ನನಗೆ ಇನ್ನೂ ಮರೆತಿಲ್ಲ.

ಬರುವ ಮಂಗಳವಾರ ಬೆಳಿಗ್ಗೆಯ ಬಸ್ಸಿಗೆ ನಾನೇ ಹೊಸನಗರಕ್ಕೆ ಬರುತ್ತೇನೆ. ಅಷ್ಟರಲ್ಲಿ ನಿನ್ನ ಸೇವಾ ಪುಸ್ತಕದ ರಜೆ ಲೆಕ್ಕದ ಪುಟಗಳನ್ನು ಜೆರಾಕ್ಸ್ ಮಾಡಿಸಿಡು. ಡಾಕ್ಟರ ಚೀಟಿಗಳನ್ನೂ ಒಂದು ಕವರಿಗೆ ಹಾಕಿಡು. ಅದೂ ಆಗದಷ್ಟು ಸುಸ್ತಿದ್ದರೆ ಬಿಡು, ಬಂದ ಮೇಲೆ ಇಬ್ಬರೂ ಸೇರಿ ಮಾಡೋಣ.

ಇಂತಿ,
ನಿನ್ನ ದೊಡ್ಡಮ್ಮ