ಬ್ಯಾಡ್ಜ್ ಅಲ್ಲ, ನಂಬರ್ ನೋಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಅಮೆರಿಕದ ಹಳೆಯ ಮಸಲ್ ಕಾರುಗಳ (ಭಾರಿ ಶಕ್ತಿಯ ಇಂಜಿನ್ ಇರುವ ಕಾರುಗಳ) ಬರಹ ಓದಿ ಖುಷಿಯಾಯಿತು. ಆದರೆ ಗ್ರಿಲ್ ಮೇಲಿನ ‘ಜಿಟಿಒ’ ಬ್ಯಾಡ್ಜ್, ಬಾನೆಟ್ ಮೇಲಿನ ಸ್ಕೂಪ್ (ಗಾಳಿ ಹೋಗುವ ಉಬ್ಬು) ನೋಡಿದರೆ ಅಸಲಿ ಕಾರು ಗೊತ್ತಾಗುತ್ತದೆ ಎಂದು ಬರೆದಿದ್ದೀರಿ. ಇದು ಸರಿಯಲ್ಲ. ಹಾಗೆ ನಂಬಿಯೇ ನಾನು ಮೋಸಹೋಗುವುದರಲ್ಲಿದ್ದೆ.

ನಾನಿರುವುದು ಮಿಷಿಗನ್‌ನಲ್ಲಿ. ಎರಡು ವರ್ಷದ ಹಿಂದೆ 1966ರ ಪಾಂಟಿಯಾಕ್ ಜಿಟಿಒ ಮಾರಾಟಕ್ಕಿದೆ ಎಂದು ನೋಡಲು ಹೋದೆ. ಕೆಂಪು ಕಾರು. ಬ್ಯಾಡ್ಜ್, ಸ್ಕೂಪ್ ಎಲ್ಲ ಇತ್ತು, ಇಂಜಿನ್ ಸದ್ದಂತೂ ಎದೆ ನಡುಗಿಸುವಂತಿತ್ತು. ಮುಂಗಡಕ್ಕೆ ಚೆಕ್ ಬರೆಯಲು ಕೂತಿದ್ದೆ. ಜೊತೆಗೆ ಬಂದಿದ್ದ ಹಿರಿಯ ಮೆಕ್ಯಾನಿಕ್ ಡ್ರೈವರ್ ಬಾಗಿಲು ತೆಗೆದು, ಅದರ ಕಂಬದಲ್ಲಿದ್ದ ಪುಟ್ಟ ತಗಡನ್ನು ಬಟ್ಟೆಯಲ್ಲಿ ಒರೆಸಿದರು. ಚಾಸಿ ನಂಬರ್ 237ರಿಂದ ಶುರುವಾಗಿತ್ತು. ಆ ವರ್ಷದ ಜಿಟಿಒ ಆದರೆ 242 ಇರಬೇಕು. 237 ಎಂದರೆ ಪಾಂಟಿಯಾಕ್‌ನದೇ ಇನ್ನೊಂದು ಮಾಡೆಲ್, ಲೆಮಾನ್ಸ್. ಸಾಧಾರಣ ಲೆಮಾನ್ಸ್‌ಗೆ ಜಿಟಿಒ ವೇಷ ಹಾಕಿ, ಜಿಟಿಒ ಬೆಲೆ ಹೇಳಿದ್ದರು.

ಎಲ್ಲ ಕಾರಿಗೂ ಇಷ್ಟು ಸುಲಭ ಅಲ್ಲ. 1964, 65ರಲ್ಲಿ ಜಿಟಿಒ ಬೇರೆ ಮಾಡೆಲ್ ಅಲ್ಲ, ಬೇಕಾದವರು ಹೆಚ್ಚು ದುಡ್ಡು ಕೊಟ್ಟು ಹಾಕಿಸಿಕೊಳ್ಳುವ ಬರೀ ಒಂದು ಆಪ್ಷನ್ ಪ್ಯಾಕೇಜ್. ಕಾರು ಜಿಟಿಒ ಹೌದೋ ಅಲ್ಲವೋ ಎಂದು ಚಾಸಿ ನಂಬರ್ ಹೇಳುವುದಿಲ್ಲ. ಆಗ ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್‌ನಿಂದ ಕಾರ್ಖಾನೆಯ ದಾಖಲೆ ತರಿಸಲೇಬೇಕು. ಶೆವರ್ಲೆ ಕಂಪನಿಯ ಶೆವೆಲ್ ಎಸ್‌ಎಸ್ ಕಥೆ ಇದಕ್ಕೆ ಉಲ್ಟಾ. 1966ರಿಂದ 68ರವರೆಗೆ ಚಾಸಿ ನಂಬರ್‌ನ ಶುರುವಿನ 138 ಎಂಬ ಅಂಕಿ ಸಾಕ್ಷಿ ಹೇಳುತ್ತದೆ. 1969ರಲ್ಲಿ ಎಸ್‌ಎಸ್ ಕೂಡ ಆಪ್ಷನ್ ಆಯಿತು, ನಂಬರ್‌ನಲ್ಲಿ ಆ ಗುರುತು ಹೋಯಿತು. ಆಮೇಲಿನ ಕಾರುಗಳಲ್ಲಿ ಬಿಲ್ಡ್ ಶೀಟ್, ಅಂದರೆ ಆ ಕಾರಿಗೆ ಏನೇನು ಹಾಕಬೇಕೆಂದು ಕಾರ್ಖಾನೆಯಲ್ಲಿ ಬರೆದ ಹಾಳೆ, ಹುಡುಕಬೇಕು. ಪೆಟ್ರೋಲ್ ಟ್ಯಾಂಕ್ ಮೇಲೋ ಸೀಟಿನ ಸ್ಪ್ರಿಂಗ್ ನಡುವೆಯೋ ಕೆಲವೊಮ್ಮೆ ಸಿಗುತ್ತದೆ. 1967ರಿಂದೀಚಿನ ಫೋರ್ಡ್‌ಗಳಿಗೆ ಮಾರ್ಟಿ ರಿಪೋರ್ಟ್ ಇದೆ, ಫೋರ್ಡ್ ಕಂಪನಿಯ ದಾಖಲೆಯಿಂದ ತೆಗೆದುಕೊಡುವ ವರದಿ ಅದು.

ಇಂಜಿನ್ ಮೇಲಿನ ನಂಬರನ್ನೂ ಸುಮ್ನೆ ನಂಬಬಾರದು. ಹಳೆಯದನ್ನು ಉಜ್ಜಿ ತೆಗೆದು ಹೊಸದಾಗಿ ಗುದ್ದುತ್ತಾರೆ. ಶೆವರ್ಲೆ ಇಂಜಿನ್‌ನಲ್ಲಿ ನಂಬರ್ ಗುದ್ದುವ ಜಾಗದಲ್ಲಿ ಕಾರ್ಖಾನೆಯ ಮಷಿನ್ ಸಣ್ಣ ನೇರ ಗೆರೆಗಳನ್ನು ಬಿಟ್ಟಿರುತ್ತದೆ. ಉಜ್ಜಿದರೆ ಅವು ಮಾಯ. ಇಂಜಿನ್‌ನ ಬ್ಲಾಕ್ (ಮುಖ್ಯ ಕವಚ) ಎರಕ ಹೊಯ್ದ ತಾರೀಖನ್ನೂ ಓದಬೇಕು. ಕಾರು ತಯಾರಾದ ಮೇಲೆ ಎರಕ ಹೊಯ್ದ ಇಂಜಿನ್ ಅದರದ್ದೇ ಆಗಿರಲು ಹೇಗೆ ಸಾಧ್ಯ, ಅಲ್ವಾ?

ಹೀಗೆ ಸಾಧಾರಣ ಕಾರಿಗೆ ವೇಷ ಹಾಕಿ ಕ್ಲೋನ್ ಕಟ್ಟುವುದು ತಪ್ಪಲ್ಲ. ಚೆನ್ನಾಗಿ ಕಟ್ಟಿದವರ ಕೈಚಳಕ ನನಗೆ ಇಷ್ಟ. ಆದರೆ ಕ್ಲೋನ್ ಎಂದು ಹೇಳಿ ಮಾರಲಿ. ಇಂಥ ಕಾರಿಗಾಗಿ ವರ್ಷಗಟ್ಟಲೆ ದುಡ್ಡು ಕೂಡಿಟ್ಟವರಿದ್ದಾರೆ. ದಯವಿಟ್ಟು ಮುಂದಿನ ವಾರ ಒಂದು ತಿದ್ದುಪಡಿ ಹಾಕಿ.

— ಮಿಷಿಗನ್‌ನಿಂದ ನಿಮ್ಮ ಓದುಗ